ಕಾಫಿ ಕಟ್ಟಿಗೆಯ ಸೌಟು ಮಾರಲು ಮಡಿಕೇರಿಗೆ ಹೋದದ್ದು

ಕಾಫಿ ಗಿಡದ ಕಟ್ಟಿಗೆ ಅಂದರೆ ಕೊಡಗಿನಲ್ಲಿ ಬಚ್ಚಲು ಒಲೆಯ ಸೌದೆ. ಹಳೇ ಗಿಡ ಕಿತ್ತರೂ ಅಷ್ಟೇ, ಕಸಿ (ಅಂದರೆ ರೆಂಬೆ ಸವರುವುದು) ಮಾಡಿದರೂ ಅಷ್ಟೇ, ಮಳೆಗಾಲದಲ್ಲಿ ಮರ ಬಿದ್ದು ಗಿಡ ಮುರಿದರೂ ಅಷ್ಟೇ. ಗಟ್ಟಿ ಕಟ್ಟಿಗೆ, ಕೆಂಡ ಚೆನ್ನಾಗಿ ನಿಲ್ಲುತ್ತದೆ. ಅದನ್ನೇ ಕೆತ್ತಿ ಸೌಟು, ಸಟ್ಟುಗ, ಕಡಗೋಲು ಮಾಡಿ ಮಡಿಕೇರಿಯ ಮೇಳಕ್ಕೆ ಮಾರಲು ಒಯ್ಯುತ್ತೇನೆ ಅಂದಾಗ ನಮ್ಮ ಅತ್ತೆ, "ತೋಟದವರು ಯಾರೂ ತಗೊಳ್ಳೋದಿಲ್ಲ, ನೋಡ್ತಿರು" ಅಂದರು. ಅವರ ಮಾತು ಅರ್ಧ ನಿಜವಾಯಿತು.

ಸುಂಟಿಕೊಪ್ಪದ ಹತ್ತಿರ ನಮಗೆ ಸ್ವಲ್ಪ ತೋಟ ಇದೆ. ಹೆಚ್ಚಿನದು ರೊಬಸ್ಟಾ ಜಾತಿಯ ಕಾಫಿ. ಕೆತ್ತುವ ಹುಚ್ಚು ನನಗೆ ಅಪ್ಪನಿಂದ ಬಂದದ್ದು. ಕೂರುವ ಮಣೆ, ಕತ್ತಿಯ ಹಿಡಿ, ಮಜ್ಜಿಗೆ ಕಡೆಯುವ ಕಡಗೋಲು, ಮನೆಗೆ ಬೇಕಾದ್ದನ್ನೆಲ್ಲಾ ಅವರೇ ಮಾಡಿಕೊಳ್ಳುತ್ತಿದ್ದರು. ಬಾಚಿ ಹಿಡಿಯುವುದನ್ನು ಯಾರೂ ನನಗೆ ಕಲಿಸಲಿಲ್ಲ, ಬೇಡ ಅಂತಲೂ ಹೇಳಲಿಲ್ಲ.

ಯಾವ ಕಟ್ಟಿಗೆ ಆಗುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಮೇಳದಲ್ಲಿ ಜನ ಹೆಚ್ಚು ಕೇಳಿದ್ದು ಇದನ್ನೇ. ಅರೇಬಿಕಾ ಗಿಡವನ್ನು ನಾನು ಮುಟ್ಟುವುದಿಲ್ಲ. ಕಿತ್ತು ಹಾಕುವ ಅರೇಬಿಕಾದೊಳಗೆ ಎಷ್ಟೋ ಸಲ ಬಿಳಿ ಕಾಂಡಕೊರಕ ಹೊಕ್ಕಿರುತ್ತದೆ. ಕಾಂಡದ ಒಳಗೆಲ್ಲಾ ಸುರಂಗ, ಸುರಂಗದ ತುಂಬಾ ಹುಳ ತಿಂದ ಪುಡಿ. ಅಂಥ ಗಿಡವನ್ನು ಬುಡಸಮೇತ ಕಿತ್ತು ಸುಡಬೇಕು ಅಂತ ಕಾಫಿ ಮಂಡಳಿಯವರು ಹೇಳುತ್ತಲೇ ಇರುತ್ತಾರೆ. ಅದನ್ನು ತಂದು ಅಟ್ಟದಲ್ಲಿ ಒಣಗಲು ಇಟ್ಟರೆ ಹುಳವನ್ನು ಕರೆದು ಕೂರಿಸಿದ ಹಾಗೆ. ರೊಬಸ್ಟಾದಲ್ಲಿ ಆ ಕಾಟ ತೀರಾ ಕಡಿಮೆ. ಕಾಂಡವೂ ದಪ್ಪ.

ಆದರೆ ರೊಬಸ್ಟಾಗೆ ಇನ್ನೊಂದು ತೊಂದರೆ. 2024ರಲ್ಲಿ ಬೆಲೆ ಮೇಲೆ ಹೋದ ಮೇಲೆ ಗಿಡ ಕೀಳುವವರೇ ಇಲ್ಲ. ಮೊದಲಾದರೆ ಹಳೇ ತೋಟ ತೆಗೆದು ಕರಿಮೆಣಸಿಗೆ ಜಾಗ ಮಾಡುವವರು, ಹೊಸ ಗಿಡ ಹಾಕುವವರು ಇದ್ದರು. "ಬೇಕಾದಷ್ಟು ತಗೊಂಡು ಹೋಗಮ್ಮ" ಅನ್ನುತ್ತಿದ್ದರು. ಈಗ ಮುದಿ ಗಿಡಕ್ಕೂ ಗೊಬ್ಬರ ಹಾಕಿ ಬದುಕಿಸುತ್ತಾರೆ. ಬೆಳೆಗಾರ್ತಿಯಾಗಿ ನನಗೆ ಖುಷಿ. ಸೌಟು ಮಾಡುವವಳಾಗಿ ಮರ ಬಿದ್ದು ಯಾರ ತೋಟದಲ್ಲಿ ಗಿಡ ಮುರಿದಿದೆ ಅಂತ ಕೇಳಿಕೊಂಡು ಓಡಾಡುವ ಸ್ಥಿತಿ.

ಹಸಿ ಕಾಂಡವನ್ನು ಹಾಗೇ ಇಟ್ಟರೆ ನಡುವಿನ ತಿರುಳಿನಿಂದ ಸೀಳು ಶುರುವಾಗಿ ತುದಿಯವರೆಗೂ ಓಡುತ್ತದೆ. ಅದಕ್ಕೆ ಮೊದಲೇ ಉದ್ದಕ್ಕೆ ಎರಡು ಹೋಳು ಮಾಡಬೇಕು, ತಿರುಳು ತೆಗೆಯಬೇಕು. ಹಸಿ ಇರುವಾಗಲೇ ಬಾಚಿಯಲ್ಲಿ ಒರಟಾಗಿ ಆಕಾರ ಕೊಡಬೇಕು. ಒಣಗಿದ ಮೇಲೆ ಅದು ಉಳಿಯ ಬಾಯಿಯನ್ನೇ ತಿನ್ನುತ್ತದೆ. ಎರಡೂ ತುದಿಗೆ ಮೇಣ ಹಚ್ಚಿ, ಗೋಣಿಯಲ್ಲಿ ಸುತ್ತಿ, ನೆರಳಲ್ಲಿ ನಿಧಾನವಾಗಿ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಸಂಜೆಯೊಳಗೆ ಸೀಳು. ನಮ್ಮ ಮಳೆಗಾಲದಲ್ಲಿ ಬಿಸಿಲಿನ ಚಿಂತೆ ಇಲ್ಲ, ಬೂಷ್ಟಿನ ಚಿಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆಯ ಮೇಲಿನ ಅಟ್ಟವೇ ಗತಿ. ಹೊಗೆ ತಾಗಿ ಸ್ವಲ್ಪ ಕಂದು ಬಣ್ಣ ಬರುತ್ತದೆ, ಬರಲಿ. ಕೊನೆಗೆ 80ರ ಒರಟು ಸ್ಯಾಂಡ್ ಪೇಪರ್‌ನಿಂದ ಶುರು ಮಾಡಿ 400ರ ನಯವಾದದ್ದರವರೆಗೆ ಉಜ್ಜುವುದು. ನಡುವೆ ಒಮ್ಮೆ ನೀರಿನಲ್ಲಿ ಒರೆಸಿ, ಎದ್ದ ನಾರನ್ನು ಮತ್ತೆ ಉಜ್ಜುವುದು. ಅಡಿಗೆ ಸಾಮಾನಿಗೆ ವಾರ್ನಿಷ್ ಹಾಕುವುದಿಲ್ಲ. ಜೇನುಮೇಣವನ್ನು ತೆಂಗಿನೆಣ್ಣೆಯಲ್ಲಿ ಕರಗಿಸಿ ಹಚ್ಚುತ್ತೇನೆ. ಮೇಣಕ್ಕೆ ನಮ್ಮಲ್ಲಿ ಬರವಿಲ್ಲ, ಜೇನು ಸಾಕುವವರು ಪಕ್ಕದಲ್ಲೇ ಇದ್ದಾರೆ.

ಮಳಿಗೆ ಸಿಕ್ಕಿದ್ದು ನಮ್ಮ ಪಂಚಾಯ್ತಿಯ ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮೂಲಕ. ಜನವರಿ ಹೊತ್ತಿಗೆ ಮಡಿಕೇರಿಯ ಉದ್ಯಾನ ರಾಜಾಸೀಟ್‌ನಲ್ಲಿ ತೋಟಗಾರಿಕೆ ಇಲಾಖೆಯ ಫಲಪುಷ್ಪ ಪ್ರದರ್ಶನ ಇರುತ್ತದೆ. ಆ ದಿನಗಳಲ್ಲಿ ಮಹಿಳಾ ಸಂಘಗಳಿಗೂ ಮಾರಾಟಕ್ಕೆ ಜಾಗ ಕೊಡುತ್ತಾರೆ, ಹೆಸರು ಕೊಡುತ್ತೀರಾ ಅಂತ ಒಕ್ಕೂಟದವರು ಕೇಳಿದರು. ಕಾಗದಪತ್ರ ಹೆಚ್ಚೇನಿಲ್ಲ. ಆಧಾರ್ ಪ್ರತಿ, ಪಾಸ್‌ಬುಕ್ ಪ್ರತಿ, ಸಂಘದ ನಡಾವಳಿ ಪ್ರತಿ, ಸಾಮಾನಿನ ಫೋಟೋ, ಬೆಲೆಪಟ್ಟಿ. ಬಾಡಿಗೆ ಇರಲಿಲ್ಲ. ಅದಕ್ಕೂ ಮುಂಚೆ ಒಂದು ಖಾಸಗಿ ಮೇಳದಲ್ಲಿ ಟೇಬಲ್‌ಗೆ ಮೂರು ಸಾವಿರ, ಮೇಲೆ ಮಾರಾಟದಲ್ಲಿ ಪಾಲು ಅಂದಿದ್ದರು. ಸೌಟು ಮಾರಿ ಅಷ್ಟು ಕೊಟ್ಟರೆ ಉಳಿಯುವುದು ಮರದ ಪುಡಿ ಅಷ್ಟೇ ಅಂತ ಬಿಟ್ಟಿದ್ದೆ.

ಜನವರಿ ಅಂದರೆ ಕಾಫಿ ಕುಯ್ಲು. ಹಣ್ಣು ಗಿಡದಲ್ಲಿದೆ, ಕಣದಲ್ಲಿ ಹರಡಿದ್ದನ್ನು ಕೈಯಾಡಿಸಬೇಕು, ಕೆಲಸದವರಿಗೆ ಕಾಫಿ, ತಿಂಡಿ ಹೋಗಬೇಕು. ಅಂಥ ಹೊತ್ತಿನಲ್ಲಿ ಮನೆ ಹೆಂಗಸು ಸೌಟು ತುಂಬಿಕೊಂಡು ಮಡಿಕೇರಿಗೆ ಹೊರಟರೆ ಹೇಗಿರುತ್ತದೆ! ಅತ್ತೆ ಗೊಣಗಿದರು, ಆದರೆ ಕಣ ಅವರೇ ನೋಡಿಕೊಂಡರು. ಅದನ್ನು ಹೇಳದೆ ಇದ್ದರೆ ತಪ್ಪಾಗುತ್ತದೆ.

ಬೆಲೆ ಹಾಕುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಕಟ್ಟಿಗೆಗೆ ದುಡ್ಡಿಲ್ಲ, ಎಣ್ಣೆ ಮೇಣಕ್ಕೆ ಅಲ್ಪಸ್ವಲ್ಪ, ಉಳಿದದ್ದೆಲ್ಲಾ ನನ್ನ ಕೈ. ಕೈಗೆ ಎಷ್ಟು? ಕೊನೆಗೆ ಒಂದು ಲೆಕ್ಕ ಹಿಡಿದೆ. ತೋಟದಲ್ಲಿ ಕೆಲಸದವರಿಗೆ ದಿನಕ್ಕೆ ಏನು ಕೊಡುತ್ತೇನೋ ಅದಕ್ಕಿಂತ ಕಡಿಮೆಗೆ ನಾನು ಕೂರುವುದಿಲ್ಲ. ದೊಡ್ಡ ಸೌಟು ದಿನಕ್ಕೆ ಎರಡು ಮುಗಿದರೆ ಹೆಚ್ಚು. ಹಾಗಾಗಿ ಸೌಟಿಗೆ 350 ರೂಪಾಯಿ, ದೋಸೆ ಮಗುಚುವ ಸಟ್ಟುಗಕ್ಕೆ 250, ಕಡಗೋಲಿಗೆ 450. ಕಡಗೋಲಿನ ತಲೆಗೆ ಬುಡದ ಕಡೆಯ ದಪ್ಪ ತುಂಡೇ ಬೇಕು. ಎಸಳು ಬಿಡಿಸುವಾಗ ಒಂದು ಮುರಿದರೆ ಇಡೀ ತುಂಡು ಒಲೆಗೆ. ಸಣ್ಣ ಉಪ್ಪಿನ ಚಮಚ 120, ಕೀಚೈನ್ 60. ಆಮೇಲೆ ನಮ್ಮ ಮಗಳ ಸಲಹೆಯಂತೆ ಕಾಂಡವನ್ನು ಅಡ್ಡಕ್ಕೆ ಕೊಯ್ದು, ತೊಗಟೆ ಹಾಗೇ ಬಿಟ್ಟು, ಲೋಟದ ಅಡಿಗೆ ಇಡುವ ಬಿಲ್ಲೆ ಮಾಡಿದೆವು. ನಾಲ್ಕಕ್ಕೆ 200. ಗರಗಸ ಎಳೆದು ಎರಡು ಸಲ ಉಜ್ಜಿದರೆ ಆಯಿತು, ಕೆಲಸವೇ ಅಲ್ಲ ಅದು.

ಹೆಚ್ಚು ಮಾರಿದ್ದು ಅದೇ. ಇವತ್ತಿಗೂ ನನಗೆ ಸ್ವಲ್ಪ ಸಿಟ್ಟಿದೆ.

ಮೈದುನನ ಜೀಪಿನಲ್ಲಿ ಸಾಮಾನು ಹೋಯಿತು. ಎರಡು ಟೇಬಲ್, ಒಂದು ಬಲ್ಬು, ಹಿಂದೆ ಬಟ್ಟೆಯ ಪರದೆ. ಟೇಬಲ್ ಮೇಲೆ ಕಾಫಿ ತುಂಬುವ ಗೋಣಿ ಹಾಸಿದೆ. ಎಲ್ಲವನ್ನೂ ಮಲಗಿಸಿ ಇಟ್ಟರೆ ದೂರದಿಂದ ಕಡ್ಡಿಯ ರಾಶಿ ಥರ ಕಾಣುತ್ತಿತ್ತು. ಮಣ್ಣಿನ ಕುಂಡದಲ್ಲಿ ಸೌಟುಗಳನ್ನು ನಿಲ್ಲಿಸಿದ ಮೇಲೆ ಸರಿಹೋಯಿತು. ಮುಂದೆ ಒಂದು ಕಾಫಿ ಕಾಂಡ ಇಟ್ಟೆ, ತೊಗಟೆ ಸಮೇತ, ಅರ್ಧ ಸೀಳಿದ್ದು. "ಇದು ಯಾವ ಮರ" ಅಂತ ಕೇಳಿದರೆ ಬಾಯಿ ನೋಯಿಸಿಕೊಳ್ಳದೆ ಅದನ್ನು ಕೈಗೆ ಕೊಡುವುದು. ಒಬ್ಬರು "ಬೀಟೆನಾ?" ಅಂದರು, ಇನ್ನೊಬ್ಬರು "ಚನ್ನಪಟ್ಟಣದ್ದಾ?" ಅಂದರು. ಬೀಟೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು, ಆ ಸಹವಾಸವೇ ಬೇಡ. ಚನ್ನಪಟ್ಟಣದವರದ್ದು ಹಾಲೆ ಮರ, ಅರಗಿನ ಬಣ್ಣ. ನಮ್ಮದಕ್ಕೆ ಬಣ್ಣವೇ ಇಲ್ಲ, ಹಳದಿ ಮಿಶ್ರಿತ ಬಿಳಿ ಅಷ್ಟೇ.

ಒಂದು ಪಕ್ಕದಲ್ಲಿ ಚಾಕಲೇಟ್ ಮಳಿಗೆ. ಅಲ್ಲಿ ಜನ ಮುತ್ತಿಕೊಂಡಿದ್ದರು. ರುಚಿ ನೋಡಲು ಕೊಡುವವರ ಪಕ್ಕ ಮರ ಇಟ್ಟುಕೊಂಡು ಕೂತರೆ ಅದಕ್ಕಿಂತ ಬೇರೇನು ಆಗುತ್ತದೆ. ಇನ್ನೊಂದು ಪಕ್ಕ ಬಿದಿರಿನ ಬುಟ್ಟಿ, ಮೊರ ಹೆಣೆಯುವ ಒಬ್ಬ ಅಜ್ಜಿ. ಅವರು ಬಂದಾಗಿನಿಂದ ಹೆಣೆಯುತ್ತಲೇ ಇದ್ದರು. ನನ್ನನ್ನು ನೋಡಿ, "ಸುಮ್ನೆ ಕೂರಬೇಡ ಮಗಳೇ, ಕೈಯಲ್ಲಿ ಏನಾದ್ರೂ ಇಟ್ಕೊ. ಸುಮ್ನೆ ಕೂತೋರ ಹತ್ರ ಯಾರೂ ನಿಲ್ಲಲ್ಲ" ಅಂದರು.

ಕೆಲಸವೂ ತಾನಾಗಿ ಬಂತು. ಮಡಿಕೇರಿಯ ಜನವರಿ ರಾತ್ರಿ ಗೊತ್ತಲ್ಲ, ಇಬ್ಬನಿ ಮಳೆಯಂತೆ ಬೀಳುತ್ತದೆ. ಬೆಳಿಗ್ಗೆ ಬಂದು ನೋಡಿದರೆ ಗೋಣಿ ಒದ್ದೆ, ಅದರ ಮೇಲಿದ್ದ ಸೌಟುಗಳ ನಾರು ಎದ್ದು ಒರಟಾಗಿತ್ತು. 400ರ ಪೇಪರ್ ತಂದಿದ್ದೆ, ಒಂದೊಂದನ್ನೇ ಮತ್ತೆ ಉಜ್ಜಲು ಕೂತೆ. ಆಗ ಜನ ನಿಲ್ಲತೊಡಗಿದರು. ಮಕ್ಕಳಂತೂ "ಆಂಟಿ ನಾನು ಉಜ್ತೀನಿ" ಅಂತ ಶುರು ಮಾಡಿದರು. ಉಜ್ಜಲು ಕೊಟ್ಟೆ. ಮಗು ಉಜ್ಜಿದ ಚಮಚವನ್ನು ಬಿಟ್ಟು ಹೋಗಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಅಜ್ಜಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಮರುದಿನದಿಂದ ಉಳಿ, ಅರ ಎಲ್ಲಾ ಟೇಬಲ್ ಮೇಲೇ ಇತ್ತು.

ಜನ ಬರುವ ಹೊತ್ತೂ ಒಂದು ಲೆಕ್ಕದಲ್ಲಿತ್ತು. ಹನ್ನೊಂದರಿಂದ ಒಂದರವರೆಗೆ ಒಂದಷ್ಟು. ಊಟದ ಮೇಲೆ ನೊಣ ಹೊಡೆಯುವ ಹೊತ್ತು. ನಾಲ್ಕರ ನಂತರ ಎಲ್ಲರೂ ಸೂರ್ಯ ಮುಳುಗುವುದನ್ನು ನೋಡಲು ರಾಜಾಸೀಟ್‌ಗೆ ನಡೆಯುತ್ತಾರೆ, ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಒಟ್ಟಿಗೇ ಬಂದು ಬೀಳುತ್ತಾರೆ. ಎಲ್ಲರೂ ಒಟ್ಟಿಗೇ ಫೋನ್ ತೆಗೆದರೆ ನೆಟ್‌ವರ್ಕ್ ಸತ್ತುಹೋಗುತ್ತದೆ. ದುಡ್ಡು ಅವರ ಖಾತೆಯಿಂದ ಹೋಗಿದೆ, ನನಗೆ ಬಂದಿಲ್ಲ, ಹಿಂದೆ ನಾಲ್ಕು ಜನ ಕಾಯುತ್ತಿದ್ದಾರೆ. ಅಂಥವರ ಹೆಸರು, ಮೊತ್ತ ಒಂದು ಪುಸ್ತಕದಲ್ಲಿ ಬರೆದುಕೊಂಡು ಸಾಮಾನು ಕೊಟ್ಟು ಕಳಿಸಿದೆ. ರಾತ್ರಿ ತಾಳೆ ನೋಡಿದರೆ ಎಲ್ಲವೂ ಬಂದಿತ್ತು. ಹತ್ತು, ಇಪ್ಪತ್ತರ ಚಿಲ್ಲರೆ ಮಾತ್ರ ಎಷ್ಟು ಒಯ್ದರೂ ಸಾಲದು. ಚೀಲಕ್ಕೂ ಒಂದು ದಾರಿ ಹುಡುಕಬೇಕಿತ್ತು. ಪ್ಲಾಸ್ಟಿಕ್ ಕೈಚೀಲಕ್ಕೆ 2016ರಿಂದಲೇ ರಾಜ್ಯದಲ್ಲಿ ನಿಷೇಧ. ಹಳೇ ಪೇಪರ್‌ನಲ್ಲಿ ಸುತ್ತಿ ಬಾಳೆ ನಾರಿನಲ್ಲಿ ಕಟ್ಟಿ ಕೊಟ್ಟೆ. ಕೆಲವರು ಆ ಕಟ್ಟಿನದ್ದೇ ಫೋಟೋ ತೆಗೆದುಕೊಂಡರು!

ಚೌಕಾಸಿ ಬಗ್ಗೆ ಹೇಳಲೇಬೇಕು. ಪಕ್ಕದಲ್ಲಿ ಆರುನೂರು ರೂಪಾಯಿಯ ಚಾಕಲೇಟ್ ಮಾತಾಡದೆ ತೆಗೆದುಕೊಂಡವರು ನನ್ನ ಹತ್ತಿರ ಬಂದು, "ಸೌಟಿಗೆ ಇಷ್ಟಾ? ಆನ್‌ಲೈನ್‌ನಲ್ಲಿ ನೂರಕ್ಕೆ ಮೂರು ಸಿಗತ್ತೆ" ಅನ್ನುತ್ತಾರೆ. ಸಿಗುತ್ತದೆ, ಸುಳ್ಳಲ್ಲ. ವಾದ ಮಾಡಲಿಲ್ಲ. ಕೇರಳದಿಂದ ಬಂದವರು ಮಾತ್ರ ಬೇರೆ ಥರ. ಅವರ ಕಡೆ ತೆಂಗಿನ ಚಿಪ್ಪಿನ ಸೌಟು ಇನ್ನೂ ಅಡುಗೆಮನೆಯಲ್ಲಿದೆ. ಹಿಡಿಯನ್ನು ಕೈಯಲ್ಲಿ ತಿರುಗಿಸಿ, ಗುಳಿಯೊಳಗೆ ಬೆರಳಾಡಿಸಿ, ಅಂಚು ತೆಳುವಾಗಿದೆಯಾ ನೋಡುತ್ತಾರೆ. ಚೆನ್ನಾಗಿಲ್ಲ ಅನಿಸಿದರೆ ಇಟ್ಟು ಹೋಗುತ್ತಾರೆ, ಬೆಲೆ ಮಾತಾಡುವುದಿಲ್ಲ. ಅಂಥ ಗಿರಾಕಿ ಇಟ್ಟು ಹೋದ ಸೌಟನ್ನು ನಾನೂ ಮತ್ತೊಮ್ಮೆ ನೋಡುತ್ತಿದ್ದೆ.

ನಮ್ಮ ಜಿಲ್ಲೆಯವರು ಬಂದರೆ ಕಥೆಯೇ ಬೇರೆ. ನಿಲ್ಲುತ್ತಾರೆ, ಕಾಂಡ ನೋಡುತ್ತಾರೆ, ನಗುತ್ತಾರೆ. ಗಂಡನ ಕಡೆಯಿಂದ ದೂರದ ನಂಟಸ್ತಿಕೆಯ ಹಿರಿಯರೊಬ್ಬರು ಬಂದರು. ತೋಟ ಚೆನ್ನಾಗಿಟ್ಟುಕೊಂಡವರು. ಸೌಟು ಎತ್ತಿ ಬೆಲೆ ಓದಿ, "ಏನಮ್ಮಾ, ಸೌದೆಗೆ ಮುನ್ನೂರೈವತ್ತಾ? ಹಾಗಾದ್ರೆ ನಮ್ಮ ಬಚ್ಚಲಲ್ಲಿ ಲಕ್ಷಾಂತರ ರೂಪಾಯಿ ಉರಿದುಹೋಗಿದೆ" ಅಂದರು. ಸುತ್ತ ಇದ್ದವರೂ ನಕ್ಕರು.

"ಸೌದೆಗೆ ದುಡ್ಡಿಲ್ಲ ಮಾವ. ಕೆತ್ತಿದ್ದಕ್ಕೆ" ಅಂದೆ.

ಅವರು ಹೋಗಲಿಲ್ಲ. ನಾನು ಉಪಯೋಗಿಸುತ್ತಿದ್ದ ಸಣ್ಣ ಕತ್ತಿ ಟೇಬಲ್ ಮೇಲಿತ್ತು. ಅದನ್ನು ಎತ್ತಿ ಹಿಡಿ ನೋಡಿದರು. ಗಾಳಿಯಲ್ಲಿ ಎರಡು ಸಲ ಬೀಸಿದರು. "ಇದೂ ಕಾಫಿದಾ?" ಅಂದರು. ಹೌದು ಅಂದೆ. "ಯಾರು ಹಾಕಿದ್ದು?" ನಾನೇ ಅಂದೆ. "ಅಲ್ಲಾಡಲ್ವಾ?" ಅಂತ ಹಿಡಿಯನ್ನು ಟೇಬಲ್ ಅಂಚಿಗೆ ಬಡಿದು ನೋಡಿದರು. ಅಪ್ಪ ಮಾಡುತ್ತಿದ್ದ ಹಾಗೆಯೇ ಹಾಕಿದ್ದು ಅದು. ಹಿಡಿಗೆ ಮೊದಲು ಸಣ್ಣ ತೂತು ಕೊರೆದು, ಕತ್ತಿಯ ಬಾಲವನ್ನು ಕೆಂಪಗೆ ಕಾಯಿಸಿ ಅದರೊಳಗೆ ಇಳಿಸಬೇಕು. ಮರ ಸುಟ್ಟುಕೊಂಡು ಬಾಲದ ಅಳತೆಗೆ ತಾನೇ ದಾರಿ ಬಿಡುತ್ತದೆ. ಬಾಯಿಗೆ ಕಬ್ಬಿಣದ ಬಳೆ ಬಿಗಿದರೆ ವರ್ಷಗಟ್ಟಲೆ ಅಲುಗಾಡುವುದಿಲ್ಲ. ಅಂಗಡಿಯ ಕತ್ತಿಗೆ ಹಾಕಿ ಕೊಡುವ ಹಿಡಿ ಮೆದು ಮರದ್ದು. ಒಂದು ಕಸಿ ಮುಗಿಯುವುದರೊಳಗೆ ಸೀಳುತ್ತದೆ, ಅಂಗೈಯಲ್ಲಿ ಬೊಕ್ಕೆ ಏಳಿಸುತ್ತದೆ. ಇದು ಅವರಿಗೂ ಗೊತ್ತು.

"ಆರು ಕತ್ತಿ ಕೊಡ್ತೀನಿ. ಹಾಕಿ ಕೊಡು. ಎಷ್ಟು?"

ಬಾಯಿಗೆ ಬಂದದ್ದು ಒಂದಕ್ಕೆ 200. ಸೌದೆ ಮಾತೇ ಬರಲಿಲ್ಲ. ಅಡ್ವಾನ್ಸ್ ಅಂತ ಐನೂರರ ನೋಟು ಕೈಗಿಟ್ಟು ಹೋದರು.

ಆಮೇಲೆ ಉಳಿದ ದಿನಗಳಲ್ಲಿ ಆ ಕತ್ತಿಯನ್ನು ಬೇಕೆಂದೇ ಮುಂದೆ ಇಟ್ಟೆ. ಸೌಟು ನೋಡಿ ನಕ್ಕವರು ಕತ್ತಿ ನೋಡಿ ನಿಂತರು. ಎಸ್ಟೇಟ್ ಒಂದರ ರೈಟರ್ (ಲೆಕ್ಕ ಬರೆಯುವವರು) ಬಂದು ಕೊಡಲಿಗೂ ಹಾಕಿಕೊಡುತ್ತೀರಾ ಅಂತ ಕೇಳಿದರು. ಕೊಡಲಿ ಕಾವಿಗೆ ಬೇಕಾದಷ್ಟು ಉದ್ದ, ನೇರ ಕಾಂಡ ರೊಬಸ್ಟಾದಲ್ಲಿ ಸಿಗುವುದು ಅಪರೂಪ, ಅದಾಗುವುದಿಲ್ಲ ಅಂದೆ. ಗೋಣಿಕೊಪ್ಪ ಕಡೆಯ ಒಬ್ಬ ಅಕ್ಕ ಮಾತ್ರ ಕಡಗೋಲು ಹಿಡಿದುಕೊಂಡು ಬಹಳ ಹೊತ್ತು ನಿಂತರು. ಮನೆಯಲ್ಲಿ ಹಸು ಇದೆಯಂತೆ, ಮಿಕ್ಸಿಯಲ್ಲಿ ಕಡೆದ ಬೆಣ್ಣೆ ಅವರ ಅಮ್ಮನಿಗೆ ಹಿಡಿಸುವುದಿಲ್ಲವಂತೆ. ಎರಡು ತೆಗೆದುಕೊಂಡರು. ಇಡೀ ಮೇಳದಲ್ಲಿ ಕಡಗೋಲು ಕೊಂಡವರು ಎಲ್ಲಾ ನಮ್ಮ ಜಿಲ್ಲೆಯವರೇ. ಪ್ರವಾಸಿಗರು ಅದನ್ನು ಗೋಡೆಗೆ ನೇತುಹಾಕುವ ವಸ್ತು ಅಂದುಕೊಂಡರು. ಒಬ್ಬ ಹುಡುಗಿ ತಲೆ ಕೆರೆಯುವುದಕ್ಕಾ ಅಂತಲೂ ಕೇಳಿದಳು.

ಹೋಮ್‌ಸ್ಟೇ ನಡೆಸುವವರೊಬ್ಬರು ಬಿಲ್ಲೆ, ಚಮಚ, ಟ್ರೇ ಅಂತ ದೊಡ್ಡ ಪಟ್ಟಿ ಹೇಳಿದರು. ಜಿಎಸ್‌ಟಿ ಬಿಲ್ ಬೇಕು ಅಂದರು. ರಾಜ್ಯದೊಳಗೇ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಡ, ನನ್ನ ಹತ್ತಿರ ಮಾಮೂಲಿ ರಸೀದಿ ಮಾತ್ರ ಅಂತ ಹೇಳಿದೆ. 40 ಲಕ್ಷದ ಸೌಟು ಮಾರಬೇಕಾದರೆ ನಮ್ಮ ತೋಟ ಪೂರ್ತಿ ಬೋಳಾಗಬೇಕು. ರಸೀದಿಗೆ ಒಪ್ಪಿದರು. ಆದರೆ ಬೆಲೆಯಲ್ಲಿ ಮೂರನೇ ಒಂದು ಭಾಗ ಇಳಿಸಬೇಕು, ದುಡ್ಡು ಸೀಸನ್ ಮುಗಿದ ಮೇಲೆ ಅಂದರು. ಬಿಲ್ಲೆ ಮಾತ್ರ ಕೊಡುತ್ತೇನೆ, ಅದಕ್ಕೂ ದುಡ್ಡು ಮೊದಲು ಅಂದೆ. ಬಿಲ್ಲೆಯಲ್ಲಿ ಇಳಿಸಿದರೂ ನಷ್ಟವಿಲ್ಲ. ಸೌಟಿನಲ್ಲಿ ಇಳಿಸಿದರೆ ನಾನು ಕಾಫಿ ಕುಯ್ಯಲು ಹೋಗುವುದೇ ವಾಸಿ.

ಒಟ್ಟು ಮಾರಾಟ ಇಪ್ಪತ್ತು ಸಾವಿರದ ಮೇಲಾಯಿತು. ಜೀಪಿಗೆ ಡೀಸೆಲ್, ಬೋರ್ಡು, ದಿನದ ಊಟ ತಿಂಡಿ, ಕಣಕ್ಕೆ ಹೆಚ್ಚಿಗೆ ಕರೆದ ಆಳಿನ ಕೂಲಿ ಕಳೆದರೆ ಹದಿನಾಲ್ಕು ಸಾವಿರದ ಹತ್ತಿರ ಉಳಿಯಿತು. ಅದು ಅನೇಕ ತಿಂಗಳ ಸಂಜೆಗಳ ಕೆಲಸ. ಕೂಲಿ ಲೆಕ್ಕದಲ್ಲಿ ನೋಡಿದರೆ ಬಿಲ್ಲೆ ಮತ್ತು ಕೀಚೈನ್ ನನ್ನನ್ನು ಕಾಪಾಡಿದವು, ಸೌಟು ತನ್ನ ಖರ್ಚು ತಾನು ನೋಡಿಕೊಂಡಿತು. ಉಪ್ಪಿನ ಚಮಚ ಮುಂದೆ ಮಾಡುವುದಿಲ್ಲ. ಸಣ್ಣದಾದಷ್ಟೂ ಕೆಲಸ ಜಾಸ್ತಿ, ಬೆಲೆ ಏರಿಸಿದರೆ ಯಾರೂ ಮುಟ್ಟುವುದಿಲ್ಲ. ಬುಟ್ಟಿ ಅಜ್ಜಿ ಕೊನೆಯ ದಿನ ನನ್ನ ಹತ್ತಿರ ಒಂದು ಸಟ್ಟುಗ ತೆಗೆದುಕೊಂಡು, ಬದಲಿಗೆ ಒಂದು ಮೊರ ಕೊಟ್ಟರು. ಈ ವರ್ಷದ ಕರಿಮೆಣಸು ಅದರಲ್ಲೇ ಕೇರಿದ್ದು.

ಮೇಳದ ಲೆಕ್ಕದಲ್ಲಿ ಇಲ್ಲದ್ದು ಕತ್ತಿ ಹಿಡಿ. ಅದು ಆಮೇಲೆ ಬರತೊಡಗಿತು. ಒಬ್ಬರು ಇನ್ನೊಬ್ಬರಿಗೆ ಹೇಳಿದರು, ಆ ಇನ್ನೊಬ್ಬರು ಕೆಲಸದವರ ಕತ್ತಿಗಳನ್ನೆಲ್ಲಾ ಒಟ್ಟು ಮಾಡಿ ಚೀಲದಲ್ಲಿ ಕಳಿಸಿದರು. ಮರ ಕಸಿ ಶುರುವಾಗುವ ಮುಂಚೆ ಎಲ್ಲರಿಗೂ ಒಟ್ಟಿಗೇ ಬೇಕು. ಅತ್ತೆಯೇ ಈಗ ಯಾರು ಎಷ್ಟು ಕತ್ತಿ ತಂದರು ಅಂತ ಕ್ಯಾಲೆಂಡರ್ ಹಿಂದೆ ಬರೆದಿಡುತ್ತಾರೆ, ಯಾರ ಬಾಕಿ ಎಷ್ಟು ಅಂತಲೂ.

ಮಡಿಕೇರಿ ಸಂತೆ ಶುಕ್ರವಾರ. ಸಾಮಾನಿಗೆ ಹೋಗುವಾಗ ಮುಗಿದ ಕತ್ತಿಗಳನ್ನು ಒಯ್ದು ಅಲ್ಲೇ ಕೊಡುತ್ತೇನೆ, ಹೊಸದನ್ನು ಇಸಿದುಕೊಂಡು ಬರುತ್ತೇನೆ. ಅಡ್ವಾನ್ಸ್ ಕೊಟ್ಟವರದ್ದು ಮೊದಲು. ಕತ್ತಿ ತರದೆ ಬಾಲದ ಅಳತೆಯನ್ನು ಬಾಯಲ್ಲಿ ಹೇಳುವವರಿಗೆ ಮಾಡಿಕೊಡುವುದಿಲ್ಲ.